ಸಿಮ್ಮಿನ ಸಾರು, ಸ್ಟಾರ್ಟರಿನ ಬೆಳ್ಳಿ

ಮೊನ್ನೆ ಹಳೆಯ ಪ್ಯಾಂಟಿನ ಕಿಸೆಯಲ್ಲಿ ಒಂದು ಸಿಮ್ ಕಾರ್ಡು ಸಿಕ್ಕಿತು. ಯಾವ ಕಾಲದ್ದೋ, ಯಾರ ನಂಬರೋ ಗೊತ್ತಿಲ್ಲ. ಆದರೆ ಅದರ ಮೇಲಿನ ಹಳದಿ ಲೋಹದ ಚೌಕ ಎಷ್ಟು ಫಳಫಳ ಹೊಳೆಯುತ್ತಿತ್ತೆಂದರೆ, ಇದು ಹುಣಸೆಹಣ್ಣಿನಲ್ಲಿ ನೆನೆದ ಸಿಮ್ಮೇ ಎಂದು ನೋಡಿದೊಡನೆ ಗುರುತು ಹಿಡಿದೆ. ಸಿಮ್ ಕಾರ್ಡನ್ನು ಹುಣಸೆಹಣ್ಣಿನಲ್ಲಿ ನೆನೆಹಾಕಿದ ಪುಣ್ಯಾತ್ಮ ಯಾರು, ಯಾಕೆ ಎಂದು ನೀವು ಕೇಳುತ್ತೀರಿ. ಕೇಳಿ, ಹೇಳುವುದಕ್ಕೇ ಕೂತಿದ್ದೇನೆ.

ಮುಚ್ಚಳ ಇರುವುದೇ ಬಿಚ್ಚುವುದಕ್ಕೆ ಎಂದು ನಂಬಿದವನು ನಾನು. ಚಿಕ್ಕವನಿದ್ದಾಗ ಅಪ್ಪನ ಟಾರ್ಚು, ಸೋದರತ್ತೆಯ ಅಲಾರಂ ಗಡಿಯಾರ, ಪಕ್ಕದ ಮನೆಯವರ ಹೊಲಿಗೆ ಯಂತ್ರ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದ್ದೇನೆ. ಮತ್ತೆ ಜೋಡಿಸಿದ್ದರ ಬಗ್ಗೆ ದಯವಿಟ್ಟು ಕೇಳಬೇಡಿ. ಇಂಥವನು ಮುಂದೆ ಕೊಟ್ಟೂರಿನಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟದ್ದು ಮನೆಯವರಿಗೇನೂ ಆಶ್ಚರ್ಯ ತರಲಿಲ್ಲ. ಬಿಚ್ಚಿದ್ದಕ್ಕೆ ಬೈಗುಳದ ಬದಲು ಚಹಾ ತರಿಸಿಕೊಡುವ ಕೆಲಸ ಲೋಕದಲ್ಲಿ ಅದೊಂದೇ ಇತ್ತು. ನಮ್ಮೂರಿನಲ್ಲಿ ಕೊಟ್ರೇಶ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಹಾಗಾಗಿ ನಾನು 'ಟೀವಿ ಕೊಟ್ರೇಶಿ' ಆದೆ. ಟೀವಿಗಳು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡು, ಕೆಟ್ಟರೆ ಎಸೆಯುವ ವಸ್ತುಗಳಾದ ಮೇಲೆ ಅಂಗಡಿ ಮುಚ್ಚಿದೆ. ಹೆಸರು ಉಳಿಯಿತು. ಮನೆಯ ಅಟ್ಟದ ತುಂಬ ಸಾಮಾನೂ ಉಳಿಯಿತು.

ಆ ಸಾಮಾನಿನಲ್ಲಿ ನನ್ನದಕ್ಕಿಂತ ಬೇರೆಯವರದ್ದೇ ಹೆಚ್ಚು. ರಿಪೇರಿಗೆಂದು ಇಟ್ಟು ಹೋದವರು ಒಯ್ಯಲು ಬರಲೇ ಇಲ್ಲ. ಹರಪನಹಳ್ಳಿ ಕಡೆಯ ಒಬ್ಬರು "ಸಂಜೆ ಬರ್ತೀನ್ರಿ" ಎಂದು ಸ್ಟೆಬಿಲೈಸರ್ ಇಟ್ಟು ಹೋದರು. ಆ ಸಂಜೆ ಇನ್ನೂ ಆಗಿಲ್ಲ. ಹಗರಿಬೊಮ್ಮನಹಳ್ಳಿಯ ಒಬ್ಬಾಕೆ ಗಂಡನ ಮೇಲಿನ ಸಿಟ್ಟಿಗೆ ಟೀವಿ ತಂದು ಇಟ್ಟಳು, ಕೆಟ್ಟಿರಲೇ ಇಲ್ಲ ಅದು. ಎಲ್ಲದರ ಮೇಲೂ ಸೀಮೆಸುಣ್ಣದಿಂದ ಹೆಸರು, ಊರು ಬರೆದಿಡುವುದು ನನ್ನ ರೂಢಿ. ನನ್ನ ಹೆಂಡತಿ ಹಾಲಮ್ಮ ಅಟ್ಟದ ಕಡೆ ಕತ್ತೆತ್ತಿ ನೋಡಿದಾಗಲೆಲ್ಲ, "ಇದೇನು ನಮ್ಮ ಮನಿಯೋ, ಐದು ತಾಲ್ಲೂಕಿನ ಧರ್ಮಛತ್ರವೋ?" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದಾಗ ಮೊಬೈಲಿನಲ್ಲಿ ತಾನಾಗಿ ಒಂದು ವಿಡಿಯೋ ಬಂತು. ಕೈಗವಸು ತೊಟ್ಟ ಒಬ್ಬ ಮನುಷ್ಯ ಹಳೆಯ ಕಂಪ್ಯೂಟರಿನ ಸರ್ಕ್ಯೂಟ್ ಹಲಗೆಗಳನ್ನು ಗಾಜಿನ ಪಾತ್ರೆಯಲ್ಲಿ ಹಾಕಿ ಏನೋ ದ್ರಾವಣ ಸುರಿಯುತ್ತಾನೆ. ಸ್ವಲ್ಪ ಹೊತ್ತಿಗೆ ಬಂಗಾರದ ಸಣ್ಣ ಸಣ್ಣ ಎಸಳುಗಳು ಬಿಟ್ಟುಕೊಂಡು ತೇಲುತ್ತವೆ. ಸೋಸಿ, ಕಾಯಿಸಿ ಕೊನೆಗೆ ಒಂದು ಗುಂಡು ತೋರಿಸುತ್ತಾನೆ. ನನ್ನ ನಿದ್ದೆ ಹಾರಿಹೋಯಿತು. ಹಲಗೆಗಳ ಮೇಲೆ ಬಂಗಾರದ ಲೇಪ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬಂಗಾರಕ್ಕೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೇ ಒಂದಕ್ಕೊಂದು ಕೂಡುವ ಜಾಗಕ್ಕೆ ಅದನ್ನು ಬಳಿಯುತ್ತಾರೆ. ಆದರೆ ಬಳಿದದ್ದನ್ನು ಮನೆಯಲ್ಲೇ ಕೂತು ಬಿಡಿಸಬಹುದು ಎನ್ನುವುದು ಹೊಳೆದಿರಲಿಲ್ಲ.

"ನಮ್ಮ ಅಟ್ಟದ ಮ್ಯಾಲೆ ಬಂಗಾರ ಐತಿ," ಎಂದೆ.

"ಹೌದಾ? ಅಲ್ಲಿ ಇಲಿ ಸಂಸಾರ ಹೂಡ್ಯಾವ, ಅವನ್ನ ಒಂದು ಮಾತು ಕೇಳ್ರಿ," ಎಂದಳು ಹಾಲಮ್ಮ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಮುಖದ ಹತ್ತಿರ ಎತ್ತಿ ಹಿಡಿದು ನೋಡುತ್ತಿದ್ದಳು. ನಾನು ಅದನ್ನು ನೋಡಿದೆ, ಆದರೆ ಗಮನಿಸಲಿಲ್ಲ. ನನ್ನ ಗಮನವೆಲ್ಲ ಅಟ್ಟದ ಮೇಲಿತ್ತು.

ವಸ್ತುವಿನ ಹೊಟ್ಟೆಯಿಂದ ಲೋಹ ತೆಗೆಯುವುದು ನನಗೆ ಹೊಸ ಹುಚ್ಚೇನಲ್ಲ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿದ್ದ ನಮ್ಮ ಅಜ್ಜಿಯಿಂದ ಬಂದದ್ದು. ಅಜ್ಜಿಯ ಮದುವೆಯ ಸೀರೆ ಮಡಿಕೆ ಮಡಿಕೆಯಲ್ಲಿ ಹರಿದುಹೋದಾಗ, ಅವಳು ಅದರ ಜರಿಯ ಸೆರಗು ಅಂಚುಗಳನ್ನು ಕತ್ತರಿಸಿ, ಉಂಡೆ ಕಟ್ಟಿ, ಹಿತ್ತಲಲ್ಲಿ ಒಡಕು ಮಡಕೆಯೊಳಗೆ ಇಟ್ಟು ಸುಟ್ಟಳು. ರೇಷ್ಮೆ ಸುಟ್ಟ ವಾಸನೆಗೆ ಓಣಿಯ ನಾಯಿಗಳೆಲ್ಲ ಬಂದು ಕೂತವು. ಬೂದಿಯನ್ನು ತಣಿಸಿ, ಅಕ್ಕಿಯಲ್ಲಿ ಕಲ್ಲು ಗಾಳಿಸುವ ಹಾಗೆ ನೀರು ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ಚೆಲ್ಲಿದಾಗ, ತಳದಲ್ಲಿ ಕಪ್ಪು ಬಿಳುಪಿನ ಒಂದು ಗಂಟು ಉಳಿಯಿತು. "ಇದು ಬೆಳ್ಳಿ," ಎಂದಳು ಅಜ್ಜಿ. ಸೀರೆಯೊಳಗಿಂದ ಬೆಳ್ಳಿ! ಆಮೇಲೆ ಅದು ನಮ್ಮ ಚಿಕ್ಕಮ್ಮನ ಕಾಲುಂಗುರವಾಯಿತು. ನಾನು ಆವತ್ತಿನಿಂದ ಹೊಳೆಯುವುದನ್ನೆಲ್ಲ ಸುಡತೊಡಗಿದೆ. ಸಿಗರೇಟು ಪ್ಯಾಕಿನ ಹಾಳೆ, ಗಣಪತಿಯ ಮಂಟಪದ ಬೇಗಡೆ, ಒಮ್ಮೆ ಸ್ವಂತ ಚಿಕ್ಕಮ್ಮನ ಜಡೆಯ ಕುಚ್ಚು. ಬೂದಿ ಬಂತು, ಬೆನ್ನಿಗೆ ಏಟೂ ಬಂದವು.

ಇರಲಿ, ಬಂಗಾರಕ್ಕೆ ಬರೋಣ. ವಿಡಿಯೋದವನು ಸುರಿದದ್ದು ಆಸಿಡ್. ಅದು ಸಿಗುವ ಜಾಗ ನನಗೆ ಗೊತ್ತಿತ್ತು. ಮಾನಪ್ಪ ಪತ್ತಾರ ನನ್ನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವನು, ಈಗ ಪೇಟೆಯ ಹಿಂದಿನ ಓಣಿಯಲ್ಲಿ ಅಕ್ಕಸಾಲೆ ಕೆಲಸ ಮಾಡುತ್ತಾನೆ. ಹೋಗಿ ವಿಷಯ ಹೇಳಿದೆ. ಅವನು ಊದುಗೊಳವೆಯನ್ನು ಬಾಯಿಂದ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಲೇ ಕೊಟ್ರೇಶಿ, ಅದರ ಹೊಗಿ ಕುಡದ್ರ ನಿನ್ನ ಎದಿ ಹೋಗತೈತಿ. ನಾ ಕೊಡಂಗಿಲ್ಲ."

"ಬಾಗಿಲ ಹೊರಗ ಕುಂತು ಮಾಡ್ತೀನಲೇ."

"ಹೊರಗ ಕುಂತ್ರ ಓಣಿ ಮಂದಿ ಎದಿ ಹೋಗತೈತಿ. ಮನಿಗೆ ಹೋಗಿ ಹುಣಸೆಹಣ್ಣಿನಾಗ ತಿಕ್ಕು, ಹೋಗು."

ಅವನು ನನ್ನನ್ನು ಸಾಗಹಾಕಲು ಆಡಿದ ಮಾತು ಅದು. ನನಗೆ ಅದು ಉಪಾಯವಾಗಿ ಕೇಳಿಸಿತು. ಯಾಕಾಗಬಾರದು? ಹುಣಸೆಹುಳಿ ಹಿತ್ತಾಳೆ ಚರಿಗೆಯ ಕಿಲುಬನ್ನು ತಿನ್ನುತ್ತದೆ, ತಾಮ್ರದ ಹಂಡೆಯ ಕರೆಯನ್ನು ತಿನ್ನುತ್ತದೆ. ಬಂಗಾರದ ಲೇಪದ ಕೆಳಗೆ ಇರುವುದೂ ತಾಮ್ರವೇ. ಕೆಳಗಿನ ತಾಮ್ರವನ್ನು ಹುಳಿ ತಿಂದರೆ ಮೇಲಿನ ಬಂಗಾರ ಬಿಟ್ಟುಕೊಳ್ಳಲೇಬೇಕಲ್ಲ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಅಟ್ಟದ ಮೇಲಿನ ಸತ್ತ ಮೊಬೈಲುಗಳಿಂದ ಸಿಮ್‌ಗಳನ್ನು ಕಿತ್ತು, ಸ್ಟೀಲಿನ ಬಟ್ಟಲಿನಲ್ಲಿ ಉಪ್ಪು ಹುಣಸೆ ಕಿವುಚಿದ ನೀರಿಗೆ ಹಾಕಿ, ಅಡಿಗೆ ಕಟ್ಟೆಯ ಮೇಲೆ ಇಟ್ಟೆ. ದಿನಾ ನೀರು ಬದಲಿಸುವುದು, ಬೆಳಕಿಗೆ ಹಿಡಿದು ನೋಡುವುದು. ಎಸಳು ತೇಲಲಿಲ್ಲ. ಸಿಮ್‌ಗಳು ಮಾತ್ರ ಅಂಗಡಿಯಿಂದ ಬಂದ ದಿನಕ್ಕಿಂತ ಚಂದ ಕಾಣತೊಡಗಿದವು.

ಒಂದು ದಿನ ಊಟಕ್ಕೆ ಕೂತಿದ್ದೆ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರೆ ಹಲ್ಲಿಗೆ ಏನೋ ಚಪ್ಪಟೆಯಾದದ್ದು ತಗುಲಿತು. ಕರಿಬೇವಿನ ಎಲೆ ಇಷ್ಟು ಗಟ್ಟಿ ಇರುತ್ತದೆಯೇ ಎಂದು ಹೊರತೆಗೆದು ನೋಡಿದರೆ ಸಿಮ್ ಕಾರ್ಡು.

"ಹುಣಸೆ ನೀರು ಎಲ್ಲಿಂದ ಹಾಕಿದಿ?"

"ಕಟ್ಟಿ ಮ್ಯಾಲಿನ ಬಟ್ಲಾಗಿಂದು. ನಾನ ನೆನಿ ಹಾಕಿದ್ದಲ್ಲೇನದು?" ಅವಳು ನನ್ನ ಕೈಯಲ್ಲಿದ್ದದ್ದನ್ನು ನೋಡಲು ಮುಂದೆ ಬಾಗಿದಳು, ಇನ್ನೂ ಬಾಗಿದಳು. "ಏನದು, ಹುಣಸೆ ಪಕ್ಕೇನು?"

ನಾನು ಮೊದಲು ಜೋರಾಗಿ ನಕ್ಕೆ. ಆಮೇಲೆ ನಗು ತಾನಾಗಿ ನಿಂತಿತು. ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ, ಅಷ್ಟು ಹೊಳೆಯುವ ವಸ್ತು ಅವಳಿಗೆ ಹುಣಸೆಬೀಜದ ಹಾಗೆ ಕಾಣುತ್ತಿತ್ತು. ಮುಖದ ಹತ್ತಿರ ಎತ್ತಿ ಹಿಡಿದ ಮೊರ ಆಗ ನೆನಪಾಯಿತು. ಸಾರನ್ನು ಚೆಲ್ಲಿದೆವು. ಮಾರನೆಯ ದಿನವೇ ಹೊಸಪೇಟೆಗೆ ಹೋಗಿ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದು ತೀರ ಬಲಿತಿದೆ, ಮೊದಲು ಅದನ್ನು ತೆಗೆಯೋಣ, ಇನ್ನೊಂದು ಆಮೇಲೆ, ಎಂದರು ಡಾಕ್ಟರು. ಆಪರೇಷನ್ನಿಗೆ ಮುಂದಿನ ತಿಂಗಳು ಬರಲು ಹೇಳಿದರು.

ಹಾಲಮ್ಮ ಮನೆಗೆ ಬಂದವಳೇ ದೇವರ ಮುಂದೆ ನಿಂತು, "ಯವ್ವಾ, ಕಣ್ಣು ನೆಟ್ಟಗಾದ್ರ ನಿನಗ ಬೆಳ್ಳಿ ಕಣ್ಣು ಏರಸ್ತೀನಿ," ಎಂದು ತನ್ನ ತವರೂರು ಮಾಗಳದ ಊರಮ್ಮನಿಗೆ ಹರಕೆ ಹೊತ್ತಳು. ಬೆಳ್ಳಿ ಕಣ್ಣೇನು ದೊಡ್ಡ ವಿಷಯ, ಪೇಟೆಯಲ್ಲಿ ಜೋಡಿ ಜೋಡಿ ಸಿಗುತ್ತವೆ ಎಂದೆ. ಅವಳ ತವರಿನಲ್ಲಿ ಅದು ನಡೆಯುವುದಿಲ್ಲವಂತೆ. ಹರಕೆಯ ಬೆಳ್ಳಿಯನ್ನು ಅಂಗಡಿಯಿಂದ ಕೊಳ್ಳಬಾರದು. ಹೊತ್ತವರ ಮನೆಯೊಳಗೇ ಇದ್ದ ಬೆಳ್ಳಿಯನ್ನು ಕರಗಿಸಿ ಮಾಡಿಸಬೇಕು.

ನಮ್ಮ ಮನೆಯಲ್ಲಿ ಕರಗಿಸುವಂಥ ಬೆಳ್ಳಿ ಎಂದರೆ ಒಂದೇ ಒಂದು ಬಟ್ಟಲು. ಹಾಲಮ್ಮನಿಗೆ ಅವಳ ತಾಯಿ ಮೊದಲ ತುತ್ತು ತಿನ್ನಿಸಿದ ಬಟ್ಟಲು ಅದು. ಕೆಳಗೆ ದಪ್ಪ ಬಳೆಯಂಥ ಅಡಿ, ಒಂದು ಬದಿಗೆ ತಗ್ಗು. ಕೂಸಾಗಿದ್ದಾಗ ಅವಳೇ ಅದನ್ನು ಒರಳಿಗೆ ಬಡಿದು ಮಾಡಿದ ತಗ್ಗಂತೆ. ತಾಯಿ ಹೋದ ಮೇಲೆ ತವರಿನ ಸಾಮಾನೆಲ್ಲ ಅಣ್ಣತಮ್ಮಂದಿರ ಮನೆಗಳಿಗೆ ಹಂಚಿಹೋಗಿ, ಇವಳ ಪಾಲಿಗೆ ಉಳಿದದ್ದು ಅದೊಂದೇ. ಮೈಯಲ್ಲಿ ಹುಷಾರಿಲ್ಲದಿದ್ದಾಗ ಅದರಲ್ಲಿ ಗಂಜಿ ಕುಡಿಯುತ್ತಾಳೆ. ಔಷಧಕ್ಕಿಂತ ಬೇಗ ಆರಾಮವಾಗುತ್ತದೆ ಎನ್ನುತ್ತಾಳೆ.

"ಅದನ್ನ ಕೊಟ್ಟಬಿಡೂಣು," ಎಂದಳು. ಹೇಳುವಾಗ ಸೆರಗಿನಿಂದ ಬಟ್ಟಲನ್ನು ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

ನನಗೆ ಅದನ್ನು ನೋಡಲಾಗಲಿಲ್ಲ. "ಸ್ವಲ್ಪ ತಡಿ," ಎಂದೆ. ಬಂಗಾರ ಕೈಕೊಟ್ಟಿತ್ತು. ಆದರೆ ಬೆಳ್ಳಿ? ಬೆಳ್ಳಿ ಎಲ್ಲಿದೆ ಎಂದು ನನಗೆ ಬಂಗಾರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಬೋರಿನ ಮೋಟಾರಿಗೆ ಕೂಡಿಸುವ ಸ್ಟಾರ್ಟರ್ ಡಬ್ಬಿ ನೋಡಿದ್ದೀರಲ್ಲ. ಹಸಿರು ಗುಂಡಿ ಒತ್ತಿದಾಗ ಟಪ್ ಎಂದು ಒಳಗೆ ಎರಡು ಲೋಹದ ಗುಂಡಿಗಳು ಕೂಡಿಕೊಳ್ಳುತ್ತವೆ, ಕಿಡಿ ಹಾರುತ್ತದೆ. ಅದಕ್ಕೆ ನಾವು ಪಾಯಿಂಟು ಎನ್ನುತ್ತೇವೆ. ಬರೀ ತಾಮ್ರವಾದರೆ ಬೇಗ ಕರಕಲಾಗುತ್ತದೆ. ಹಾಗಾಗಿ ಅಲ್ಲಿ ಬೆಳ್ಳಿ ಹಾಕಿರುತ್ತಾರೆ. ಸ್ಟೆಬಿಲೈಸರಿನೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚುಗಳಲ್ಲೂ ಅಂಥವೇ, ಸಾಸಿವೆಗಿಂತ ತುಸು ದೊಡ್ಡವು. ಇದಕ್ಕೆ ಆಸಿಡ್ ಬೇಡ, ಹುಣಸೆ ಬೇಡ. ಇಕ್ಕಳ ಸಾಕು.

ಅಟ್ಟ ಹತ್ತಿದೆ. ಸ್ಟೆಬಿಲೈಸರುಗಳನ್ನು ಸಾಲಾಗಿ ಇಳಿಸಿ ಪಡಸಾಲೆಯಲ್ಲಿ ಜೋಡಿಸಿ, ಒಂದೊಂದೇ ಬಿಚ್ಚಿದೆ. ಎಷ್ಟು ದಿನಗಳ ಮೇಲೆ ಸ್ಕ್ರೂಡ್ರೈವರ್ ಹಿಡಿದ ಖುಷಿ ನನಗೆ! ಒಂದರೊಳಗೆ ಜಿರಳೆಯ ಮೊಟ್ಟೆ, ಒಂದರೊಳಗೆ ಯಾರೋ ಬಚ್ಚಿಟ್ಟ ಬೀಡಿ ಕಟ್ಟು. ಹಿತ್ತಾಳೆಯ ಪಟ್ಟಿಗೆ ಅಂಟಿದ ಪಾಯಿಂಟುಗಳನ್ನು ಕತ್ತರಿಸಿ ತಟ್ಟೆಗೆ ಹಾಕುತ್ತಾ ಹೋದೆ. ಸುಟ್ಟು ಕಪ್ಪಾದವನ್ನು ಅರದಿಂದ ತೀಡಿದರೆ ಕೆಳಗೆ ಬಿಳಿ ಮೈ. ಹೊಸಹಳ್ಳಿಯ ಹಿತ್ತಲಲ್ಲಿ ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಾಗಿನ ಅದೇ ಬೆರಗು ನನ್ನನ್ನು ಹಿಡಿಯಿತು. ಲೋಹ ಬೆಲೆಯುಳ್ಳದ್ದೆಂದು ಅಲ್ಲ, ಬಚ್ಚಿಟ್ಟುಕೊಂಡಿತ್ತಲ್ಲ ಎಂದು.

ಹಾಲಮ್ಮ ಬಂದು ಒಂದು ಸ್ಟೆಬಿಲೈಸರಿನ ಮೇಲೆ ಕೈಯಾಡಿಸಿದಳು. ಬೆರಳಿಗೆ ಸುಣ್ಣ ಹತ್ತಿತು.

"ಇದರ ಮ್ಯಾಲೆ ಯಾರ ಹೆಸರೈತಿ?"

"ಹರಪನಹಳ್ಳಿಯವರು ಇಟ್ಟು ಹೋಗಿದ್ದು. ಅವರೇನು ಇನ್ನ ಬರಂಗಿಲ್ಲ ಬಿಡು."

"ಬರಂಗಿಲ್ಲ ಅಂದಕೂಡ್ಲೆ ನಮ್ಮದಾತೇನ್ರಿ? ಮಂದಿ ಮನಿ ಬೆಳ್ಳಿಲೆ ನನ್ನ ಕಣ್ಣಿನ ಹರಕಿ ತೀರಸ್ತೀರಾ?"

ನಾನು ಕಾನೂನು ಹೇಳಿದೆ, ವರ್ಷಗಳ ಲೆಕ್ಕ ಹೇಳಿದೆ, ಅಟ್ಟದ ಬಾಡಿಗೆಯ ಮಾತೂ ಆಡಿದೆ. ಅವಳು ಜಗ್ಗಲಿಲ್ಲ. ಕೊನೆಗೆ ಸೀಮೆಸುಣ್ಣದ ಹೆಸರಿದ್ದವೆಲ್ಲ ಒಂದು ಬದಿಗೆ ಹೋದವು. ಅವುಗಳಿಂದ ತೆಗೆದ ಪಾಯಿಂಟುಗಳನ್ನು ತಟ್ಟೆಯಿಂದ ಗುರುತು ಹಿಡಿದು ಆರಿಸಿ, ಆಯಾ ಡಬ್ಬಿಯೊಳಗೇ ಚೀಟಿ ಸುತ್ತಿ ಹಾಕಿ ಮತ್ತೆ ಸ್ಕ್ರೂ ಬಿಗಿದೆ. ಸತ್ತ ಯಂತ್ರಕ್ಕೆ ಅದರ ಬೆಳ್ಳಿಯನ್ನು ಮರ್ಯಾದೆಯಿಂದ ಹಿಂದಿರುಗಿಸಿದ ಮೆಕ್ಯಾನಿಕ್ ಈ ಕಡೆಯ ತಾಲ್ಲೂಕುಗಳಲ್ಲಿ ನಾನೊಬ್ಬನೇ ಇರಬೇಕು. ನಮ್ಮದೇ ಎನ್ನುವಂಥವು ಉಳಿದದ್ದು ಕೆಲವೇ: ನಮ್ಮ ಫ್ರಿಜ್ಜಿನ ಹಳೆಯ ಸ್ಟೆಬಿಲೈಸರು, ಅಂಗಡಿಗೆಂದು ತರಿಸಿ ಮಾರಾಟವಾಗದ ರಿಲೇಗಳು, ನಮ್ಮ ಹೊಲದ ಬೋರಿನ ಎರಡು ಸುಟ್ಟ ಸ್ಟಾರ್ಟರು. ತಟ್ಟೆಯಲ್ಲಿನ ರಾಶಿ ಒಂದು ಹಿಡಿಗೆ ಇಳಿಯಿತು.

ಆಪರೇಷನ್ ಸುಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ನೋಡಿದ್ದು ನನ್ನನ್ನಲ್ಲ, ಗೋಡೆಯ ಗಡಿಯಾರವನ್ನು. "ಮುಳ್ಳು ಕಾಣಾಕತ್ತೈತ್ರಿ," ಎಂದಳು. ನನಗೆ ಕಣ್ಣು ತುಂಬಿ, ಗಡಿಯಾರವೇ ಕಾಣದಾಯಿತು. ಸ್ವಲ್ಪ ದಿನ ಬಿಟ್ಟು, ಕಪ್ಪು ಕನ್ನಡಕ ಹಾಕಿಕೊಂಡ ಅವಳನ್ನೂ ಪಾಯಿಂಟುಗಳ ಪೊಟ್ಟಣವನ್ನೂ ಕರೆದುಕೊಂಡು ಮಾನಪ್ಪನ ಹತ್ತಿರ ಹೋದೆ.

ಮಾನಪ್ಪ ಒಂದು ಪಾಯಿಂಟನ್ನು ಒರೆಗಲ್ಲಿಗೆ ತಿಕ್ಕಿ ನೋಡಿದ. "ಬೆಳ್ಳಿ ಐತಿ, ಏನೋ ಬೆರಕಿನೂ ಐತಿ. ನೀವು ಆಚಿ ಕಟ್ಟಿಗೆ ಕುಂದ್ರರಿ, ಇದರ ಹೊಗಿ ಚಲೋದಲ್ಲ," ಎಂದು ತಾನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೂಸೆಯನ್ನು ಹಿತ್ತಲ ಬಯಲಿಗೆ ಒಯ್ದ. ಕರಗಿಸಿ, ಶುದ್ಧ ಮಾಡಿ, ಆರಿಸಿ ತರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಅವನ ಅಂಗೈಯಲ್ಲಿ ಒಂದು ಪುಟ್ಟ ಬಿಳಿ ಗುಂಡು ಇತ್ತು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮ ಬೋರಿನ ಮೋಟಾರು ಎಷ್ಟು ಸಲ ಚಾಲೂ ಆಗಿ ಎಷ್ಟು ನೀರೆತ್ತಿತ್ತೋ, ಅಷ್ಟೂ ಕಿಡಿಗಳನ್ನು ತಿಂದ ಲೋಹ ಅದು.

"ಒಂದು ಕಣ್ಣಿಗೆ ಆಗತೈತಿ ನೋಡು," ಎಂದ ಮಾನಪ್ಪ. "ಎರಡಕ್ಕ ಸಾಲಂಗಿಲ್ಲ. ತೆಳ್ಳಗ ಬಡದ್ರ ಎಲಿ ಆಗತೈತಿ, ಕಣ್ಣಾಗಂಗಿಲ್ಲ."

"ಆಪರೇಷನ್ನೂ ಒಂದ ಕಣ್ಣಿಂದು ಆಗೈತಲ್ಲ," ಎಂದೆ ನಾನು.

"ನಮ್ಮ ಊರಮ್ಮಗ ಒಂಟಿಗಣ್ಣು ಏರಸ್ತೀರಾ?" ಕಪ್ಪು ಕನ್ನಡಕದ ಹಿಂದಿನಿಂದಲೂ ಆ ನೋಟ ಚುಚ್ಚಿತು. ಆಮೇಲೆ ಅವಳು ತೊಡೆಯ ಮೇಲಿದ್ದ ಕೈಚೀಲದ ಬಾಯಿಯನ್ನು ಮೆಲ್ಲಗೆ ಬಿಚ್ಚತೊಡಗಿದಳು. ಒಳಗೆ ಬಟ್ಟಲು ಇತ್ತು. ಸಾಲುವುದಿಲ್ಲ ಎಂದು ಅವಳಿಗೆ ಮೊದಲೇ ಅನ್ನಿಸಿ, ನನಗೆ ಹೇಳದೆ ತಂದಿದ್ದಳು.

ನನಗೆ ಹೇಗೆ ಹೊಳೆಯಿತೋ ಕಾಣೆ. ಬೆಳ್ಳಿ ಬೆಳ್ಳಿ ಎಂದು ಅಟ್ಟದ ಇಲಿಗಳನ್ನೂ ಬಿಡದೆ ಹುಡುಕಿದವನಿಗೆ, ನನ್ನ ನಡುವಿನಲ್ಲೇ ಬೆಳ್ಳಿ ಇರುವುದು ಆ ಕ್ಷಣ ನೆನಪಾಯಿತು. ಮದುವೆಯಲ್ಲಿ ಮಾವ ಹಾಕಿಸಿದ ಉಡದಾರ. ಚರ್ಮದ ಹಾಗೆ ಮೈಗೆ ಸೇರಿಹೋಗಿ, ಅದೊಂದು ಒಡವೆ ಎಂಬುದೇ ಮರೆತಿತ್ತು.

"ಇಗಾ ಮಾನಪ್ಪ, ಇಲ್ಲೈತಿ ನೋಡು ಬೆಳ್ಳಿ," ಎಂದು ಅಂಗಿ ಎತ್ತಿ, ಕೊಂಡಿಗೆ ಕೈ ಹಾಕಿದೆ.

"ಅಯ್ಯ! ಬಿಡ್ರಿ ಕೈ!" ಹಾಲಮ್ಮ ಕೂಗಿದ ಕೂಗಿಗೆ ಓಣಿಯಲ್ಲಿ ಹೋಗುವವರು ನಿಂತರು. ಮಾನಪ್ಪ ಇಕ್ಕಳ ಕೆಳಗಿಟ್ಟು ಮುಖ ಆಚೆ ತಿರುಗಿಸಿದ. ಅವಳು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಿದ್ದಳು. "ಅದನ್ನ ತಗಿಯಾಕ ನಾ ಸತ್ತೀನೇನ್ರಿ?"

ನಮ್ಮ ಕಡೆ ಮದುವೆಯಾದವನ ನಡುವಿನಿಂದ ಉಡದಾರ ಇಳಿಯುವುದು ಹೆಂಡತಿ ತೀರಿಕೊಂಡ ದಿನ. ಅದು ನನಗೆ ಗೊತ್ತಿಲ್ಲದ್ದಲ್ಲ, ನಮ್ಮ ಅಜ್ಜನ ಉಡದಾರ ಹರಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಯಾವುದನ್ನೂ ಬಿಚ್ಚಲು ಓಡುವ ನನ್ನ ಕೈಗೆ ಮಾತ್ರ ಅದು ನೆನಪಿರಲಿಲ್ಲ. ಇಷ್ಟು ದಿನ ಅವಳು ನನ್ನ ನಡುವಿನ ಬೆಳ್ಳಿಯ ಹೆಸರೆತ್ತದೆ, ತಾಯಿಯ ಬಟ್ಟಲನ್ನು ಯಾಕೆ ಮುಂದೆ ಮಾಡಿದಳೆಂದು ಆಗ ತಿಳಿಯಿತು. ಅಂಗಿ ಇಳಿಸಿಕೊಂಡೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇವಳಿಲ್ಲದ ಮನೆಯನ್ನು ನಾನು ಅದುವರೆಗೆ ಒಮ್ಮೆಯೂ ಊಹಿಸಿರಲಿಲ್ಲ.

ಮಾನಪ್ಪ ಬಟ್ಟಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಹಾಲಕ್ಕಾ, ಇದನ್ನ ಪೂರಾ ಕರಗಸದು ಬ್ಯಾಡ. ಅಡಿ ಬೆಸಿಗಿ ಬಿಡಿಸಿದ್ರ ಸಾಕು, ಒಂದು ಕಣ್ಣಾಗತೈತಿ," ಎಂದ. ಅವಳು ತಲೆಯಾಡಿಸಿದಳು. ಈಗ ಆ ಬಟ್ಟಲಿಗೆ ಅಡಿಯಿಲ್ಲ, ಎಲ್ಲಿಟ್ಟರೂ ವಾಲುತ್ತದೆ. ಗಂಜಿ ಕುಡಿಯುವಾಗ ಕೈಯಲ್ಲೇ ಹಿಡಿದುಕೊಂಡಿರಬೇಕು.

ಕಣ್ಣುಗಳು ತಯಾರಾದ ಮೇಲೆ ಮಾಗಳಕ್ಕೆ ಹೋಗಿ ಊರಮ್ಮನಿಗೆ ಏರಿಸಿದೆವು. ಸ್ಟಾರ್ಟರಿನ ಕಣ್ಣು ಬಟ್ಟಲಿನ ಕಣ್ಣಿಗಿಂತ ತುಸು ಮಬ್ಬಾಗಿತ್ತು. ನನಗೆ ಗೊತ್ತಾಗಿರಲಿಲ್ಲ. "ಎಡಗಡಿದು ನಿಮ್ಮದು," ಎಂದು ಹಾಲಮ್ಮನೇ ತೋರಿಸಿದಳು, ಕನ್ನಡಕ ತೆಗೆದು, ದೂರದಿಂದ. ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಎಡೆ ಹಿಡಿದು, ಅವಳ ಅಣ್ಣನ ಮನೆಯಲ್ಲಿ ಉಂಡು ಹೊರಟೆವು.

ಹಡಗಲಿಯಿಂದ ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂಡಿಸಿದೆ. ಅವಳಿಗೆ ಎಲ್ಲವನ್ನೂ ಓದುವ ಹುಚ್ಚು ಹಿಡಿದಿತ್ತು. ಅಂಗಡಿಯ ಬೋರ್ಡು, ಮೈಲಿಗಲ್ಲು, ಮುಂದಿನ ಸೀಟಿನ ಹಿಂದೆ ಯಾರೋ ಗೀಚಿದ ಹೆಸರು. ಇಟ್ಟಿಗಿ ದಾಟಿದ ಮೇಲೆ ಅವಳ ಮಾತು ನಿಂತಿತು, ನನಗೆ ತೂಕಡಿಕೆ ಹತ್ತಿತು. ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಾಗ ಎಚ್ಚರವಾಯಿತು. ಅಂಗಿಯ ಮೇಲಿನಿಂದ ಅವಳ ಕೈ ನನ್ನ ನಡುವನ್ನು ಮೆಲ್ಲಗೆ ತಡವುತ್ತಿತ್ತು. ನಾನು ಕಣ್ಣು ತೆರೆಯಲಿಲ್ಲ. ಬೆರಳಿಗೆ ಉಡದಾರ ಸಿಕ್ಕಿತು. ಅವಳು ಕೈ ತೆಗೆದು, ಮತ್ತೆ ಕಿಟಕಿಯ ಹೊರಗಿನ ಬೋರ್ಡುಗಳನ್ನು ಓದತೊಡಗಿದಳು.